0.0 ಅಂತ ಬಂದ ಇಯೋಸಿನೋಫಿಲ್ ರಿಪೋರ್ಟು

ನನ್ನ ದಮ್ಮಿನ ಫೈಲಲ್ಲಿ ಒಂದು ಹಳೇ ಬ್ಲಡ್ ರಿಪೋರ್ಟ್ ಇದೆ, ಅದ್ರಲ್ಲಿ ಇಯೋಸಿನೋಫಿಲ್ (ಒಂದು ಜಾತಿ ಬಿಳಿ ರಕ್ತಕಣ) ಅನ್ನೋ ಸಾಲಿನ ಎದುರಿಗೆ 0.0 ಅಂತ ಪ್ರಿಂಟಾಗಿದೆ. ಈ ಸೊನ್ನೆಯಿಂದ ಸುಮಾರು ಎರಡು ವರ್ಷ ನನ್ನ ಟ್ರೀಟ್‌ಮೆಂಟ್ ಒಂದೇ ಜಾಗದಲ್ಲಿ ಸುತ್ತು ಹೊಡೀತಾ ಇತ್ತು. ಅದು ಯಾಕೆ ಸೊನ್ನೆ ಬಂತು, ಆಮೇಲೆ ಯಾವ್ಯಾವ ಟೆಸ್ಟ್ ಆಯ್ತು, ಊದೋ ಟೆಸ್ಟಲ್ಲಿ ಏನು ಮಾಡಿಸ್ತಾರೆ, ಕಫದ ಟೆಸ್ಟ್ ಹೆಂಗಿರುತ್ತೆ ಇದೆಲ್ಲ ನಂಗೆ ಮೊದ್ಲೇ ಯಾರಾದ್ರೂ ಕನ್ನಡದಲ್ಲಿ ಹೇಳಿದ್ದಿದ್ರೆ ತುಂಬಾ ಅನುಕೂಲ ಆಗಿರೋದು, ಅದ್ಕೇ ಕೂತು ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ.

ನಂಗೆ ಚಿಕ್ಕಂದಿನಿಂದ ಉಬ್ಬಸ ಇರ್ಲಿಲ್ಲ. 31ನೇ ವಯಸ್ಸಲ್ಲಿ ಒಂದು ನೆಗಡಿ ಆದ್ಮೇಲೆ ಕೆಮ್ಮು ನಿಲ್ಲಲೇ ಇಲ್ಲ, ರಾತ್ರಿ ಮೂರು ನಾಲ್ಕು ಗಂಟೆಗೆ ಎಚ್ಚರ ಆಗಿ ಕೂತ್ಕೊಂಡೇ ಉಸಿರಾಡೋದು, ಎದೆಯಿಂದ ಸುಯ್ ಸುಯ್ ಅಂತ ಶಬ್ದ ಬರೋದು. ಆಸ್ತಮಾ ಅಂದ್ರು, ಎರಡು ಇನ್‌ಹೇಲರ್ ಕೊಟ್ರು, ಒಂದು ದಿನಾ ತಗೊಳ್ಳೋದು ಇನ್ನೊಂದು ಕಷ್ಟ ಆದಾಗ ತಗೊಳ್ಳೋದು. ಆದ್ರೂ ವರ್ಷಕ್ಕೆ ಮೂರು ನಾಲ್ಕು ಸಲ ಜೋರಾಗ್ತಿತ್ತು, ಪ್ರತಿ ಸಲ ಐದು ದಿನ ಏಳು ದಿನ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ, ಅದು ತಗೊಂಡ ಎರಡೇ ದಿನಕ್ಕೆ ಎಲ್ಲ ಮಾಯ ಆದಂಗೆ ಇರ್ತಿತ್ತು, ಬಿಟ್ಟು ತಿಂಗಳಾಗೋಷ್ಟ್ರಲ್ಲಿ ಮತ್ತೆ ಶುರು.

ಒಂದ್ಸಲ ತೀರಾ ಜಾಸ್ತಿ ಆಗಿ ಅಡ್ಮಿಟ್ ಮಾಡಿದ್ರು. ನೆಬ್ಯುಲೈಸರ್, ಆಕ್ಸಿಜನ್, ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೋಲೋನ್. ಮೂರನೇ ದಿನ ಬೆಳಿಗ್ಗೆ ಬ್ಲಡ್ ತಗೊಂಡ್ರು, ಆಗ ಬಂದಿದ್ದೇ ಈ 0.0. ಆಮೇಲೆ ಫಾಲೋ ಅಪ್‌ಗೆ ಹೋದಾಗಲೆಲ್ಲ ಆ ಕಾಗದ ತೆಗೆದು ನೋಡೋರು, ನಿಮ್ಮದು ಅಲರ್ಜಿ ತರದ ಆಸ್ತಮಾ ಅಲ್ಲಮ್ಮ, ಇಯೋಸಿನೋಫಿಲ್ ಇಲ್ವೇ ಇಲ್ಲ ನೋಡಿ ಅನ್ನೋರು. ತೂಕ ಇಳಿಸಿ, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ, ಆಸಿಡಿಟಿ ಮಾತ್ರೆ ತಗೊಳ್ಳಿ, ಇದೇ ಮಾತು. ನಾನು ತೂಕ ಇಳಿಸಿದೆ, ಟೆನ್ಷನ್ ಇರ್ಲಿಲ್ಲ ಅಂತ ಹೇಳೋಕಾಗಲ್ಲ, ಉಸಿರೇ ಸಿಗ್ದೇ ಇರೋವಾಗ ಯಾರಿಗೆ ಟೆನ್ಷನ್ ಇರಲ್ಲ ಹೇಳಿ. ಆದ್ರೆ ದಮ್ಮು ಮಾತ್ರ ಹಂಗೇ ಇತ್ತು. ಎಲ್ಲಕ್ಕಿಂತ ನೋವಾಗಿದ್ದು ಅಂದ್ರೆ ಇದು ನನ್ನ ಮನಸ್ಸಿಂದ ಬರ್ತಿರೋದೇನೋ ಅಂತ ನಂಗೇ ಅನುಮಾನ ಶುರುವಾಗಿತ್ತು.

ಕೊನೆಗೆ ಅಕ್ಕ ಬಲವಂತ ಮಾಡಿ ಬರೀ ಶ್ವಾಸಕೋಶದ ಕಾಯಿಲೆಗಳನ್ನೇ ನೋಡೋ ಒಬ್ರು ಡಾಕ್ಟರ್ ಹತ್ರ ಕರ್ಕೊಂಡು ಹೋದ್ಲು. ಆ ಮೇಡಂ ಸ್ಟೆತಸ್ಕೋಪ್ ಇಡೋಕೆ ಮುಂಚೆ ಪೂರ್ತಿ ಫೈಲನ್ನ ಟೇಬಲ್ ಮೇಲೆ ಹರಡ್ಕೊಂಡು ತಾರೀಖಿನ ಪ್ರಕಾರ ಜೋಡಿಸಿದ್ರು. 0.0 ಕಾಗದ ಕೈಗೆ ಬಂದಾಗ ನಿಲ್ಸಿ ಕೇಳಿದ್ರು, "ಈ ಬ್ಲಡ್ ಕೊಟ್ಟ ದಿನ ನೀವು ಸ್ಟೀರಾಯ್ಡ್ ಮಾತ್ರೆ ತಗೋತಾ ಇದ್ರಾ?" ಹೌದು ಮೇಡಂ, ಮೂರನೇ ದಿನ ಅಂದೆ. "ಹಂಗಾದ್ರೆ ಇದ್ರಿಂದ ನಮಗೇನೂ ಗೊತ್ತಾಗಲ್ಲ" ಅಂದು ಆ ಕಾಗದದ ಮೇಲೆ ಪೆನ್ನಲ್ಲಿ ಏನೋ ಬರೆದು ಪಕ್ಕಕ್ಕಿಟ್ರು.

ವಿಷಯ ಏನಂದ್ರೆ, ಪ್ರೆಡ್ನಿಸೋಲೋನ್ ಹೊಟ್ಟೆಗೆ ಹೋದ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿರೋ ಇಯೋಸಿನೋಫಿಲ್ ಕುಸಿಯೋಕೆ ಶುರುವಾಗುತ್ತಂತೆ. ಇಯೋಸಿನೋಫಿಲ್ ಅಂದ್ರೆ ಬಿಳಿ ರಕ್ತಕಣಗಳಲ್ಲಿ ಒಂದು ಜಾತಿ, ಹುಳುಗಳ ವಿರುದ್ಧ ಹೋರಾಡೋಕೆ ಅಂತ ದೇಹ ಇಟ್ಕೊಂಡಿರೋದು, ಆಸ್ತಮಾದಲ್ಲಿ ಅದೇ ಕಣ ಶ್ವಾಸನಾಳದ ಗೋಡೆಗೆ ಬಂದು ಸೇರ್ಕೊಂಡು ಒಳಗಿದ್ದ ವಿಷದಂಥ ಪ್ರೋಟೀನ್‌ಗಳನ್ನ ಅಲ್ಲೇ ಸುರಿಯುತ್ತೆ, ಗೋಡೆ ಊದ್ಕೊಳ್ಳುತ್ತೆ, ಕಫ ಅಂಟಂಟಾಗುತ್ತೆ. ಸ್ಟೀರಾಯ್ಡ್ ಮಾತ್ರೆ ಕೆಲಸ ಮಾಡೋದರಲ್ಲಿ ದೊಡ್ಡ ಪಾಲು ಈ ಕಣಗಳನ್ನ ಕಮ್ಮಿ ಮಾಡೋದೇ. ಅಂದ್ರೆ ಮಾತ್ರೆ ತಗೊಂಡ ಮೂರನೇ ದಿನ ಇಯೋಸಿನೋಫಿಲ್ ಲೆಕ್ಕ ಹಾಕಿದ್ರೆ ಅಲ್ಲಿ ಕಾಣಿಸೋದು ಮಾತ್ರೆಯ ಕೆಲಸ, ಕಾಯಿಲೆ ಅಲ್ಲ. ಮಾತ್ರೆ ತಗೊಂಡ ಎರಡು ದಿನಕ್ಕೆ ನಂಗೆ ಅಷ್ಟು ಚೆನ್ನಾಗಾಗ್ತಿತ್ತಲ್ಲ, ಅದೇ ಒಂದು ಸುಳಿವು ಅಂತಾನೂ ಮೇಡಂ ಹೇಳಿದ್ರು.

ಆಮೇಲೆ ಫೈಲಲ್ಲಿ ಇನ್ನೂ ಹಿಂದಕ್ಕೆ ಹೋಗಿ ಯಾವುದೋ ಜ್ವರಕ್ಕೆ ಮಾಡಿಸಿದ್ದ ಒಂದು ಸಾದಾ ಬ್ಲಡ್ ಕೌಂಟ್ ಹುಡುಕಿದ್ರು, ಅದು ಬಿಸಾಕದೇ ಉಳಿದಿದ್ದೇ ಪುಣ್ಯ. ಅದ್ರಲ್ಲಿ ಒಟ್ಟು ಬಿಳಿ ಕಣ 8,200, ಇಯೋಸಿನೋಫಿಲ್ ಶೇಕಡಾ 6. ಲ್ಯಾಬಿನೋರು ಶೇಕಡಾ 6 ಅನ್ನೋದು ನಾರ್ಮಲ್ ಅಂತ ಯಾವ ಗುರುತೂ ಹಾಕಿರ್ಲಿಲ್ಲ. ಮೇಡಂ ಕ್ಯಾಲ್ಕುಲೇಟರ್‌ನಲ್ಲಿ ಗುಣಿಸಿ ತೋರ್ಸಿದ್ರು, 492 ಬಂತು, ಒಂದು ಮೈಕ್ರೋಲೀಟರ್ ರಕ್ತಕ್ಕೆ. ಶೇಕಡಾವಾರು ನೋಡಿ ಸುಮ್ನಾಗಬೇಡಿ, ಯಾವಾಗ್ಲೂ ಒಟ್ಟು ಸಂಖ್ಯೆ ನೋಡಿ ಅಂದ್ರು. ಆಸ್ತಮಾದಲ್ಲಿ 150ರ ಮೇಲಿದ್ರೆ ಒಂದು ಕಣ್ಣಿಡ್ತಾರೆ, 300 ದಾಟಿದ್ರೆ ಇಯೋಸಿನೋಫಿಲ್ ತರದ ಆಸ್ತಮಾ ಇರಬಹುದು ಅನ್ನೋ ಅನುಮಾನ ಗಟ್ಟಿ ಆಗುತ್ತೆ. ಎರಡು ವರ್ಷ ಈ ಕಾಗದ ಅದೇ ಫೈಲಲ್ಲಿ, 0.0 ಕಾಗದದ ಕೆಳಗೇ ಇತ್ತು.

ಒಂದು ಸಲದ ಲೆಕ್ಕ ನೆಚ್ಚಿಕೊಳ್ಳೋಕಾಗಲ್ಲ ಅಂತ ಉರಿಯೂತ ತೋರಿಸೋ ಎಲ್ಲ ಮಾರ್ಕರ್‌ಗಳನ್ನೂ ಹೊಸದಾಗಿ ಮಾಡಿಸೋಣ ಅಂದ್ರು. ಕೊನೇ ಸ್ಟೀರಾಯ್ಡ್ ಮಾತ್ರೆ ತಗೊಂಡು ನಾಲ್ಕು ವಾರ ಆಗಿತ್ತು, ಅದು ಸಾಕು ಅಂದ್ರು. ಇನ್‌ಹೇಲರ್ ಮಾತ್ರ ಬಿಡಬೇಡಿ ಅಂತ ಎರಡೆರಡು ಸಲ ಹೇಳಿದ್ರು, ಇದನ್ನ ನಾನೂ ಇಲ್ಲಿ ಒತ್ತಿ ಹೇಳ್ತೀನಿ, ಟೆಸ್ಟಲ್ಲಿ ನಂಬರ್ ಸರಿಯಾಗಿ ಬರ್ಲಿ ಅಂತ ಯಾರೂ ತಾವಾಗೇ ಸ್ಟೀರಾಯ್ಡ್ ಇನ್‌ಹೇಲರ್ ಆಗ್ಲಿ ಮಾತ್ರೆ ಆಗ್ಲಿ ನಿಲ್ಲಿಸ್ಬೇಡಿ, ಪ್ರಾಣಕ್ಕೆ ಬರುತ್ತೆ.

ಮೊದಲನೇದು ಫೆನೋ ಟೆಸ್ಟ್, ಉಸಿರಲ್ಲಿರೋ ನೈಟ್ರಿಕ್ ಆಕ್ಸೈಡ್ ಅಳೆಯೋದು. ಒಂದು ಗಂಟೆ ಮುಂಚೆಯಿಂದ ಏನೂ ತಿನ್ಬಾರ್ದು ಕುಡೀಬಾರ್ದು, ಹಿಂದಿನ ದಿನದಿಂದ ಬೀಟ್‌ರೂಟು, ಪಾಲಕ್ ಥರ ನೈಟ್ರೇಟ್ ಜಾಸ್ತಿ ಇರೋದು ಬೇಡ ಅಂದಿದ್ರು, ಅದು ನಂಬರನ್ನ ಏರಿಸುತ್ತೆ. ಸಿಗರೇಟ್ ಸೇದೋರಲ್ಲಿ ಉಲ್ಟಾ, ಇಳಿಯುತ್ತೆ. ಮತ್ತೆ ಸ್ಪೈರೋಮೆಟ್ರಿ ಅಂದ್ರೆ ಜೋರಾಗಿ ಊದೋ ಟೆಸ್ಟ್ ಅದೇ ದಿನ ಇದ್ರೆ ಫೆನೋನೇ ಮೊದ್ಲು ಆಗ್ಬೇಕು, ಜೋರಾಗಿ ಊದಿದ ಮೇಲೆ ಮಾಡಿದ್ರೆ ನಂಬರ್ ಕಮ್ಮಿ ತೋರ್ಸುತ್ತಂತೆ.

ಮಷೀನು ಪುಟ್ಟದು. ಮೊದ್ಲು ಎದೆಯಲ್ಲಿರೋ ಗಾಳಿ ಎಲ್ಲ ಹೊರಗೆ ಬಿಡ್ಬೇಕು, ಆಮೇಲೆ ಮೌತ್‌ಪೀಸ್‌ಗೆ ಬಾಯಿಟ್ಟು ಅದ್ರ ಮೂಲಕವೇ ಪೂರ್ತಿ ಎಳ್ಕೋಬೇಕು, ಆಮೇಲೆ ನಿಧಾನವಾಗಿ ಒಂದೇ ಸಮ ಹತ್ತು ಸೆಕೆಂಡ್ ಊದ್ಬೇಕು. ಸ್ಕ್ರೀನಲ್ಲಿ ಒಂದು ಮೋಡದ ಚಿತ್ರ, ಅದು ಎರಡು ಗೆರೆ ಮಧ್ಯೆ ತೇಲ್ತಾ ಇರ್ಬೇಕು, ಜೋರಾಗಿ ಊದಿದ್ರೆ ಮೇಲೆ ಹೋಗ್ಬಿಡುತ್ತೆ, ಮೆಲ್ಲಗಾದ್ರೆ ಕೆಳಗೆ. ಸೆಕೆಂಡಿಗೆ 50 ಮಿಲಿಲೀಟರ್ ಮಾತ್ರ. ದಮ್ಮು ಇರೋರಿಗೆ ಊದೋದು ಅಂದ್ರೆ ಜೋರಾಗಿ ಊದೋದು ಅಂತಾನೇ ಅಭ್ಯಾಸ ಆಗಿರುತ್ತೆ, ಮೊದಲೆರಡು ಸಲ ನಂಗೆ ಕೆಮ್ಮು ಬಂದು ನಿಂತೋಯ್ತು, ಮೂರನೇ ಸಲ ಆಯ್ತು. ಟೆಕ್ನಿಷಿಯನ್ ಹುಡುಗ ತುಂಬಾ ತಾಳ್ಮೆಯಿಂದ, ಅವಸರ ಇಲ್ಲ ಮೇಡಂ, ದೀಪ ಆರದ ಹಾಗೆ ಅದ್ರ ಮುಂದೆ ಊದ್ತೀರಲ್ಲ ಹಂಗೆ ಅಂದ.

ಯಾಕೆ ಇಷ್ಟು ನಿಧಾನ ಅಂತ ಕೇಳ್ದೆ. ಈ ನೈಟ್ರಿಕ್ ಆಕ್ಸೈಡ್ ಶ್ವಾಸನಾಳದ ಗೋಡೆಯಿಂದ ಒಸರ್ತಾ ಇರುತ್ತೆ, ಗಾಳಿ ನಿಧಾನವಾಗಿ ಹೋದ್ರೆ ಜಾಸ್ತಿ ಹೊತ್ಕೊಂಡು ಬರುತ್ತೆ, ಜೋರಾಗಿ ಹೋದ್ರೆ ಕಮ್ಮಿ, ಅದ್ಕೇ ಎಲ್ರಿಗೂ ಒಂದೇ ವೇಗ ಇಟ್ರೆ ಮಾತ್ರ ಒಬ್ಬರ ನಂಬರನ್ನ ಇನ್ನೊಬ್ಬರದ್ರ ಜೊತೆ ಹೋಲಿಸೋಕಾಗುತ್ತೆ. ಇನ್ನೊಂದು, ಮೂಗು ಮತ್ತು ಸೈನಸ್ ಒಳಗೆ ಈ ಅನಿಲ ತುಂಬಾ ಜಾಸ್ತಿ ಇರುತ್ತಂತೆ, ಮಷೀನು ಸ್ವಲ್ಪ ಒತ್ತಡ ಕೊಡೋದ್ರಿಂದ ಊದೋವಾಗ ಅಂಗುಳಿನ ಹಿಂಭಾಗ ಮುಚ್ಕೊಂಡು ಮೂಗಿನ ಗಾಳಿ ಬೆರೆಯಲ್ಲ. ಇಷ್ಟು ಚಿಕ್ಕ ಡಬ್ಬಿ ಒಳಗೆ ಇಷ್ಟೊಂದು ಯೋಚನೆ ಇದೆ ಅಂತ ಗೊತ್ತಾದಾಗ ನಂಗೆ ನಿಜವಾಗ್ಲೂ ಗೌರವ ಬಂತು.

68 ಬಂತು. ಪಿಪಿಬಿ ಅಂತಾರೆ, ನೂರು ಕೋಟಿ ಪಾಲು ಗಾಳಿಯಲ್ಲಿ 68 ಪಾಲು. ದೊಡ್ಡೋರಲ್ಲಿ 25ಕ್ಕಿಂತ ಕಮ್ಮಿ ಇದ್ರೆ ಕಮ್ಮಿ, 50ರ ಮೇಲಿದ್ರೆ ಜಾಸ್ತಿ ಅಂತ ಲೆಕ್ಕ, ಮಕ್ಕಳಿಗೆ 20 ಮತ್ತು 35. ನಡುವೆ ಇರೋರದ್ದು ಬೇರೆ ವಿಷಯಗಳ ಜೊತೆ ಸೇರ್ಸಿ ನೋಡ್ಬೇಕು. ನನ್ನದು ಸ್ಟೀರಾಯ್ಡ್ ಇನ್‌ಹೇಲರ್ ಮೇಲಿದ್ದೂ 68.

ಇದ್ರ ಹಿಂದಿನ ಕೆಮಿಸ್ಟ್ರಿ ಮೇಡಂ ಒಂದು ಕಾಗದದ ಮೇಲೆ ಬಾಣ ಹಾಕಿ ತೋರಿಸಿದ್ರು. ಧೂಳಿನ ಹುಳ, ವೈರಸ್ಸು, ಹೊಗೆ ಏನಾದ್ರೂ ಬಂದು ಶ್ವಾಸನಾಳದ ಒಳಪದರದ ಜೀವಕೋಶಗಳಿಗೆ ತಾಗಿದ್ರೆ ಅವು ಟಿಎಸ್‌ಎಲ್‌ಪಿ, ಇಂಟರ್‌ಲ್ಯೂಕಿನ್ 33 ಥರದ ಅಪಾಯದ ಸಂದೇಶ ಕಳಿಸ್ತವೆ. ಅದನ್ನ ಕೇಳಿಸ್ಕೊಂಡ ರೋಗನಿರೋಧಕ ಕಣಗಳು ಮೂರು ಬೇರೆ ಸಂದೇಶ ಹೊರಡಿಸ್ತವೆ, ಇಂಟರ್‌ಲ್ಯೂಕಿನ್ 4, 5 ಮತ್ತು 13. 4 ಹೋಗಿ ಐಜಿಇ ಅನ್ನೋ ಅಲರ್ಜಿಯ ಪ್ರತಿಕಾಯ ತಯಾರಾಗೋ ಹಾಗೆ ಮಾಡುತ್ತೆ. 5 ಮೂಳೆಯ ಮಜ್ಜೆಗೆ ಹೋಗಿ ಇಯೋಸಿನೋಫಿಲ್ ಬೆಳೆಸಿ ಕಳಿಸಿ ಅನ್ನುತ್ತೆ. 13 ಒಳಪದರದ ಜೀವಕೋಶಕ್ಕೆ ಬಂದು ನೈಟ್ರಿಕ್ ಆಕ್ಸೈಡ್ ತಯಾರಿಸೋ ಎಂಜೈಮನ್ನ ಏರಿಸುತ್ತೆ, ಕಫಾನೂ ಜಾಸ್ತಿ ಮಾಡುತ್ತೆ. ಈ ಪೂರ್ತಿ ಗುಂಪಿಗೆ ಟೈಪ್ 2 ಉರಿಯೂತ ಅಂತ ಹೆಸರು. ಹಂಗಾಗಿ ಊದಿ ಅಳೆಯೋದು 13ರ ದಾರಿಯನ್ನ, ರಕ್ತದಲ್ಲಿ ಎಣಿಸೋದು 5ರ ದಾರಿಯನ್ನ, ಎರಡೂ ಒಂದೇ ಅಲ್ಲ, ಒಂದು ಜಾಸ್ತಿ ಇದ್ದು ಇನ್ನೊಂದು ಕಮ್ಮಿ ಇರೋರು ಇರ್ತಾರೆ. ಈ ಮಾತು ಆವತ್ತು ಪೂರ್ತಿ ಅರ್ಥ ಆಗಿರ್ಲಿಲ್ಲ, ಆಮೇಲೆ ನನ್ನ ಮೇಲೇ ಅದು ನಿಜ ಆಯ್ತು, ಮುಂದೆ ಹೇಳ್ತೀನಿ.

ಮನೆಗೆ ಬಂದು ಓದ್ದಾಗ ಗೊತ್ತಾಗಿದ್ದು, ಮನುಷ್ಯರ ಉಸಿರಲ್ಲಿ ನೈಟ್ರಿಕ್ ಆಕ್ಸೈಡ್ ಇದೆ ಅಂತ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದ್ದೇ 1991ರಲ್ಲಿ, ಆಸ್ತಮಾ ಇರೋರ ಉಸಿರಲ್ಲಿ ಅದು ಜಾಸ್ತಿ ಅಂತ ಸ್ವೀಡನ್ನಿನ ಬೇರೆ ವಿಜ್ಞಾನಿಗಳು 1993ರಲ್ಲಿ ಬರೆದ್ರು. ಇದೇ ಅನಿಲ ರಕ್ತನಾಳಗಳನ್ನ ಸಡಿಲಿಸೋ ಸಂದೇಶ ಒಯ್ಯುತ್ತೆ ಅಂತ ಕಂಡುಹಿಡಿದೋರಿಗೆ 1998ರಲ್ಲಿ ನೊಬೆಲ್ ಬಂತು. ಅದಕ್ಕೂ ಮುಂಚೆ ಇದನ್ನ ಬರೀ ಹೊಗೆಯಲ್ಲಿರೋ ಕೆಟ್ಟ ಅನಿಲ ಅಂತಾನೇ ಜಾಸ್ತಿ ಜನ ನೋಡ್ತಿದ್ರು.

ಫೆನೋ ಆದ್ಮೇಲೆ ಸ್ಪೈರೋಮೆಟ್ರಿ. ಮೊದಲ ಸೆಕೆಂಡಲ್ಲಿ ಊದೋ ಗಾಳಿ ನನ್ನ ವಯಸ್ಸಿಗೆ ಎತ್ತರಕ್ಕೆ ಇರಬೇಕಾದ್ದರ ಶೇಕಡಾ 84, ಸಾಲ್ಬುಟಮಾಲ್ ಅನ್ನೋ ಶ್ವಾಸನಾಳ ಸಡಿಲಿಸೋ ಔಷಧಿ ತಗೊಂಡು ಮತ್ತೆ ಊದಿದಾಗ ಬರೀ ಶೇಕಡಾ 7 ಏರ್ತು. ಆಸ್ತಮಾ ಅಂತ ಹೇಳೋಕೆ ಸಾಮಾನ್ಯವಾಗಿ ಶೇಕಡಾ 12 ಮತ್ತು 200 ಮಿಲಿಲೀಟರ್ ಏರ್ಬೇಕು. ಅಂದ್ರೆ ಆ ದಿನ ಇದೊಂದೇ ಟೆಸ್ಟ್ ಮಾಡಿದ್ದಿದ್ರೆ ನೀವು ಚೆನ್ನಾಗಿದ್ದೀರ ಅಂತ ಕಳಿಸ್ಬಿಡ್ತಿದ್ರು, ಹಿಂದೆ ಎರಡು ಸಲ ಹಂಗೇ ಕಳಿಸಿದ್ರು ಕೂಡ. ಮೇಡಂ ಎರಡು ಕಾಗದ ಪಕ್ಕ ಪಕ್ಕ ಇಟ್ಟು, ಇದು ಈ ಹೊತ್ತಲ್ಲಿ ಪೈಪ್ ಎಷ್ಟು ಬಿಗಿಯಾಗಿದೆ ಅಂತ ಹೇಳುತ್ತೆ, ಇದು ಪೈಪಿನ ಗೋಡೆ ಎಷ್ಟು ಕೆಂಡ ಆಗಿದೆ ಅಂತ ಹೇಳುತ್ತೆ, ಕೆಂಡ ಇದ್ದೂ ಹಗಲಲ್ಲಿ ಪೈಪ್ ಸಡಿಲ ಇರ್ಬಹುದು ಅಂದ್ರು. ನಂಗೆ ಕಣ್ಣಲ್ಲಿ ನೀರು ಬಂತು, ಅಕ್ಕ ಕೈ ಹಿಡ್ಕೊಂಡ್ಲು. ಎರಡು ವರ್ಷ ನಾನು ಹೇಳ್ತಿದ್ದ ಮಾತಿಗೆ ಒಂದು ನಂಬರ್ ಸಾಕ್ಷಿ ಹೇಳಿತ್ತು.

ಬ್ಲಡ್ ರಿಪೋರ್ಟ್ ಮಾರನೇ ದಿನ ಬಂತು, ಇಯೋಸಿನೋಫಿಲ್ 410, ಒಟ್ಟು ಐಜಿಇ 212, ಧೂಳಿನ ಹುಳಕ್ಕೆ ಪಾಸಿಟಿವ್, ಆಸ್ಪರ್ಜಿಲಸ್ ಅನ್ನೋ ಬೂಷ್ಟಿಗೆ ನೆಗೆಟಿವ್. ಆಸ್ಪರ್ಜಿಲಸ್ ಯಾಕೆ ನೋಡಿದ್ರು ಅಂದ್ರೆ ಅದಕ್ಕೆ ಅಲರ್ಜಿ ಆದ್ರೂ ಇಯೋಸಿನೋಫಿಲ್ ಐಜಿಇ ಎರಡೂ ಏರುತ್ತೆ, ಟ್ರೀಟ್‌ಮೆಂಟ್ ಬೇರೆ. ಹೊಟ್ಟೆ ಹುಳುವಿನ ಟೆಸ್ಟನ್ನೂ ಮಾಡ್ಸಿದ್ರು, ಮಲದ್ದು ಒಂದು, ಸ್ಟ್ರಾಂಗಿಲಾಯ್ಡಿಸ್ ಅನ್ನೋ ಹುಳಕ್ಕೆ ರಕ್ತದ್ದು ಒಂದು, ಹುಳು ಇದ್ರೂ ಇಯೋಸಿನೋಫಿಲ್ ಏರುತ್ತಲ್ಲ, ಜೊತೆಗೆ ಆ ಹುಳ ಒಳಗಿದ್ದಾಗ ಸ್ಟೀರಾಯ್ಡ್ ಕೊಟ್ರೆ ಮೈಯೆಲ್ಲ ಹರಡಿ ಜೀವಕ್ಕೇ ಅಪಾಯ ಆಗ್ಬಹುದು. ಎರಡೂ ಇರ್ಲಿಲ್ಲ. ಇಯೋಸಿನೋಫಿಲ್ ಲೆಕ್ಕ ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡ್ಸಿದ್ರು, 360 ಬಂತು. ದಿನದ ಹೊತ್ತಿನ ಮೇಲೂ ಇದು ಏರಿಳಿಯುತ್ತಂತೆ, ರಾತ್ರಿ ಜಾಸ್ತಿ ಬೆಳಿಗ್ಗೆ ಕಮ್ಮಿ, ಅದ್ಕೆ ಎರಡೂ ಸಲ ಒಂದೇ ಹೊತ್ತಿಗೆ ಕೊಟ್ಟೆ.

ಇನ್ನು ಕಫದ ಟೆಸ್ಟ್. ಇದನ್ನ ಎಲ್ಲಾ ಕಡೆ ಮಾಡಲ್ಲ, ಟೈಮ್ ಹಿಡಿಯುತ್ತೆ, ನುರಿತ ಲ್ಯಾಬ್ ಬೇಕು, ಆದ್ರೆ ಶ್ವಾಸನಾಳದ ಒಳಗೆ ಯಾವ ಕಣ ಇದೆ ಅಂತ ಇದ್ರಲ್ಲಿ ನೇರವಾಗಿ ಕಣ್ಣಿಂದ ನೋಡ್ಬಹುದು ಅಂದ್ರು. ಬರೀ ಕೆಮ್ಮಿ ಉಗುಳೋದಲ್ಲ. ಮೊದ್ಲು ಸಾಲ್ಬುಟಮಾಲ್ ಕೊಟ್ಟು ನಾಳ ಬಿಗಿ ಆಗದ ಹಾಗೆ ನೋಡ್ಕೋತಾರೆ, ಆಮೇಲೆ ನೆಬ್ಯುಲೈಸರ್‌ನಲ್ಲಿ ಗಟ್ಟಿ ಉಪ್ಪುನೀರಿನ ಆವಿ, ಶುರುಗೆ ಶೇಕಡಾ 3, ಆಮೇಲೆ 4, ಆಮೇಲೆ 5. ಪ್ರತಿ ಸುತ್ತು ಆದ್ಮೇಲೆ ಮತ್ತೆ ಸ್ಪೈರೋಮೆಟ್ರಿ ಊದಿಸಿ ನಾಳ ಮುಚ್ಕೋತಿದ್ಯಾ ಅಂತ ನೋಡ್ತಾರೆ, ಜಾಸ್ತಿ ಇಳಿದ್ರೆ ಅಲ್ಲಿಗೇ ನಿಲ್ಲಿಸ್ತಾರೆ, ಅದ್ಕೇ ಡಾಕ್ಟರ್ ಹತ್ತಿರದಲ್ಲೇ ಇರ್ತಾರೆ. ಬಾಯಿ ಗಂಟಲೆಲ್ಲ ಉಪ್ಪುಪ್ಪು, ಎಂಜಲು ತುಂಬ್ಕೊಳ್ಳುತ್ತೆ, ಮೂಗು ಸೀನಿ ಬಾಯಿ ಮುಕ್ಕಳಿಸಿ ಆಮೇಲೆ ಆಳದಿಂದ ಕೆಮ್ಮಿ ಡಬ್ಬಿಗೆ ಹಾಕ್ಬೇಕು. ಬೇರೆಯವ್ರ ಮುಂದೆ ಹಂಗೆ ಕ್ಯಾಕರಿಸೋಕೆ ತುಂಬಾ ಸಂಕೋಚ ಆಯ್ತು, ಶುರುವಿನ ಎರಡು ಸಲ ಬರೀ ಎಂಜಲೇ ಬಂತು. ಸಿಸ್ಟರ್ ಬಾಗಿಲು ಹಾಕಿ ಬೆನ್ನು ತಿರುಗಿಸಿ ನಿಂತ್ಕೊಂಡ್ರು, ಆಮೇಲೆ ಸರಿಯಾಗಿ ಬಂತು. ಇದನ್ನ ಮಾಡಿಸ್ಕೊಳ್ಳೋರು ಸಂಕೋಚ ಆದ್ರೆ ಹೇಳ್ಕೊಳ್ಳಿ, ಅವ್ರಿಗೆ ಅರ್ಥ ಆಗುತ್ತೆ.

ಕಫವನ್ನ ಎರಡು ಗಂಟೆ ಒಳಗೆ ಲ್ಯಾಬಲ್ಲಿ ಕೆಲಸಕ್ಕೆ ತಗೋಬೇಕು. ನಂಗೆ ನೋಡೋಕೆ ಬಿಡ್ತೀರಾ ಅಂತ ಕೇಳ್ದೆ, ಬಿಟ್ರು. ಲ್ಯಾಬಿನ ಅಮ್ಮ ಒಬ್ರು ಡಬ್ಬಿಯಿಂದ ಎಂಜಲು ಬಿಟ್ಟು ಗಟ್ಟಿ ಉಂಡೆಗಳನ್ನ ಮಾತ್ರ ಚಿಮಟದಲ್ಲಿ ಆರಿಸಿ ತೂಕ ಹಾಕಿದ್ರು, ಡೈಥಯೋಥ್ರೀಟಾಲ್ ಅನ್ನೋ ದ್ರಾವಣ ಹಾಕಿ ಅಲುಗಾಡಿಸಿದ್ರು, ಆ ಅಂಟಿನ ಎಳೆಗಳು ಬಿಟ್ಕೊಂಡು ನೀರಾಗೋದು ಕಣ್ಣಿಗೇ ಕಾಣುತ್ತೆ, ಆಮೇಲೆ ಸೋಸಿ, ತಿರುಗೋ ಮಷೀನಲ್ಲಿ ಹಾಕಿ ಗಾಜಿನ ಮೇಲೆ ಜೀವಕೋಶ ಕೂರಿಸಿ ಬಣ್ಣ ಹಾಕಿದ್ರು. ಬಾಯಿಯ ಚರ್ಮದ ಕೋಶ ಬಿಟ್ಟು 400 ಕೋಶ ಒಂದೊಂದಾಗಿ ಎಣಿಸ್ತಾರೆ, ಕೈಯಲ್ಲಿ ಟಕ್ ಟಕ್ ಅಂತ ಒತ್ತೋ ಕೌಂಟರ್ ಇಟ್ಕೊಂಡು.

ಎಣಿಸಿ ಮುಗಿದ್ಮೇಲೆ, ಬಾಮ್ಮ ನೋಡು ಅಂತ ಮೈಕ್ರೋಸ್ಕೋಪ್ ಬಿಟ್ಟುಕೊಟ್ರು. ಎರಡು ಹೋಳಾದ ನೀಲಿ ನ್ಯೂಕ್ಲಿಯಸ್, ಅದ್ರ ಸುತ್ತ ಕಿತ್ತಳೆ ಗುಲಾಬಿ ಬಣ್ಣದ ಕಾಳು ತುಂಬಿದ ಹಾಗೆ. ಈ ಕಣಕ್ಕೆ ಹೆಸರು ಬಂದಿದ್ದೇ ಆ ಬಣ್ಣದಿಂದ, ಇಯೋಸಿನ್ ಅನ್ನೋ ಕೆಂಪು ಬಣ್ಣವನ್ನ ಇಷ್ಟಪಟ್ಟು ಹೀರ್ಕೊಳ್ಳೋದು ಅಂತ, ಪಾಲ್ ಎರ್ಲಿಖ್ 1879ರಲ್ಲಿ ಇಟ್ಟ ಹೆಸರು. ಅಲ್ಲೇ ಪಕ್ಕದಲ್ಲಿ ಎರಡೂ ತುದಿ ಚೂಪಾದ ಸೂಜಿ ಥರದ ಹರಳುಗಳಿದ್ವು. ಇದೇನಮ್ಮ ಅಂದೆ. ಶಾರ್ಕೋ ಲೈಡನ್ ಹರಳು ಅಂದ್ರು, ಇಯೋಸಿನೋಫಿಲ್ ಸತ್ತು ಒಡೆದಾಗ ಅದ್ರೊಳಗಿನ ಗ್ಯಾಲೆಕ್ಟಿನ್ 10 ಅನ್ನೋ ಪ್ರೋಟೀನು ಹಿಂಗೆ ಹರಳು ಕಟ್ಟುತ್ತೆ. ಶಾರ್ಕೋ ಇದನ್ನ ನೋಡಿದ್ದು 1853ರಲ್ಲಿ, ಲೈಡನ್ ಆಸ್ತಮಾ ಇರೋರ ಕಫದಲ್ಲಿ ನೋಡಿದ್ದು 1872ರಲ್ಲಿ, ಅಂದ್ರೆ ಇಯೋಸಿನೋಫಿಲ್‌ಗೆ ಹೆಸರಿಡೋಕೂ ಮುಂಚೆ ಅದ್ರ ಹೆಣ ಕಣ್ಣಿಗೆ ಬಿದ್ದಿತ್ತು. ತುಂಬಾ ವರ್ಷ ಇದೊಂದು ಸುಮ್ನೆ ಉಳಿಕೆ ಅಂದ್ಕೊಂಡಿದ್ರು, 2019ರಲ್ಲಿ ಬೆಲ್ಜಿಯಂನ ಸಂಶೋಧಕರು ಈ ಹರಳೇ ಉರಿಯೂತವನ್ನ ಇನ್ನೂ ಕೆರಳಿಸುತ್ತೆ ಅಂತ ಇಲಿಗಳಲ್ಲಿ ತೋರಿಸಿದ್ರು. ನನ್ನ ಎದೆಯೊಳಗೆ ರಾತ್ರಿ ಮೂರು ಗಂಟೆಗೆ ಚುಚ್ತಾ ಇದ್ದಿದ್ದು ಏನು ಅಂತ ಆವತ್ತು ಕಣ್ಣಾರೆ ಕಂಡಂಗಾಯ್ತು, ಎಷ್ಟೋ ಹೊತ್ತು ಅಲ್ಲಿಂದ ಏಳೋಕೆ ಮನಸ್ಸಾಗ್ಲಿಲ್ಲ.

400ರಲ್ಲಿ 44 ಇಯೋಸಿನೋಫಿಲ್, ಶೇಕಡಾ 11. ಶೇಕಡಾ 2, 3 ದಾಟಿದ್ರೇ ಜಾಸ್ತಿ ಅಂತಾರೆ.

ಇಷ್ಟೆಲ್ಲ ಬಂದ್ಮೇಲೆ ಹೊಸ ಇಂಜೆಕ್ಷನ್ ಶುರು ಮಾಡ್ತಾರೆ ಅಂದ್ಕೊಂಡೆ, ಮಾಡ್ಲಿಲ್ಲ. ಇನ್‌ಹೇಲರ್ ಹೆಂಗೆ ತಗೋತೀರ ತೋರ್ಸಿ ಅಂದ್ರು. ನನ್ನ ದಿನದ ಇನ್‌ಹೇಲರ್ ಪುಡಿಯದ್ದು, ಅದನ್ನ ಜೋರಾಗಿ ಆಳವಾಗಿ ಎಳ್ಕೋಬೇಕು, ಆಗ್ಲೇ ಪುಡಿ ಒಡೆದು ಒಳಗೆ ಹೋಗೋದು. ಕಷ್ಟ ಆದಾಗ ತಗೊಳ್ಳೋದು ಸ್ಪ್ರೇ, ಅದನ್ನ ಮೆಲ್ಲಗೆ ಎಳ್ಕೋಬೇಕು. ನಾನು ಎರಡನ್ನೂ ಮೆಲ್ಲಗೇ ಎಳೀತಿದ್ದೆ, ಪುಡಿ ಎಲ್ಲ ನಾಲಿಗೆ ಮೇಲೇ ಉಳೀತಿತ್ತು. ಅದೂ ಅಲ್ದೆ ಚೆನ್ನಾಗಿದ್ದ ವಾರಗಳಲ್ಲಿ ಒಂದೊಂದು ದಿನ ಬಿಟ್ಟೂ ಬಿಡ್ತಿದ್ದೆ, ಅದನ್ನ ಅವತ್ತು ಒಪ್ಕೊಂಡೆ. ಮೇಡಂ ಬೈಲಿಲ್ಲ. ಇನ್‌ಹೇಲರ್ ಸರಿಯಾಗಿ ತಗೊಂಡು ಫೆನೋ ಪೂರ್ತಿ ಇಳಿದ್ರೆ ದುಬಾರಿ ಔಷಧಿ ಬೇಕೇ ಇಲ್ಲ, ಇಳೀದೇ ಇದ್ರೆ ಆಗ ನಿಜವಾಗ್ಲೂ ಬೇಕು ಅಂತ ಗೊತ್ತಾಗುತ್ತೆ ಅಂದ್ರು. ಮೂರು ತಿಂಗಳು ಒಂದು ದಿನಾನೂ ಬಿಡದೆ, ಸರಿಯಾಗಿ ಎಳೆದು ತಗೊಂಡೆ. ಫೆನೋ 68 ಇದ್ದಿದ್ದು 44 ಆಯ್ತು, ರಾತ್ರಿ ಕೆಮ್ಮು ಅರ್ಧ ಆಯ್ತು. ಆದ್ರೆ ಆ ಮೂರು ತಿಂಗಳಲ್ಲಿ ಇನ್ನೊಂದು ಸಲ ಜೋರಾಗಿ ಸ್ಟೀರಾಯ್ಡ್ ಮಾತ್ರೆ ಬೇಕಾಯ್ತು, ಮಾತ್ರೆ ಶುರು ಮಾಡೋಕೆ ಮುಂಚೆ ಬ್ಲಡ್ ಕೊಟ್ಟೆ, ಈ ಸಲ ಮರೀಲಿಲ್ಲ, 520 ಇತ್ತು.

ಆಗ ಬಯಾಲಜಿಕ್ ಇಂಜೆಕ್ಷನ್, ಅಂದ್ರೆ ಆ ಬಾಣದ ಚಿತ್ರದಲ್ಲಿದ್ದ ಯಾವುದೋ ಒಂದು ಕಡೆ ಗುರಿಯಿಟ್ಟು ತಡೆಯೋ ಔಷಧಿಯ ಮಾತು ಬಂತು. ಐಜಿಇ ಹಿಡಿಯೋ ಒಮಾಲಿಜುಮ್ಯಾಬ್ 2003ರಿಂದ ಇದೆ, ಇಂಟರ್‌ಲ್ಯೂಕಿನ್ 5 ಹಿಡಿಯೋದು ಮೆಪೋಲಿಜುಮ್ಯಾಬ್, ಅದು ಬಂದು ಕೂರೋ ಜಾಗವಾದ ರಿಸೆಪ್ಟರ್ ಹಿಡಿಯೋದು ಬೆನ್ರಾಲಿಜುಮ್ಯಾಬ್, 4 ಮತ್ತು 13 ಎರಡನ್ನೂ ತಡೆಯೋದು ಡ್ಯುಪಿಲುಮ್ಯಾಬ್, ಎಲ್ಲಕ್ಕಿಂತ ಮೇಲಿನ ಟಿಎಸ್‌ಎಲ್‌ಪಿ ಹಿಡಿಯೋದು ಟೆಜೆಪೆಲುಮ್ಯಾಬ್. ಪೆರಿಯೋಸ್ಟಿನ್ ಅಂತ ಇನ್ನೊಂದು ಮಾರ್ಕರ್ ಬಗ್ಗೆ ಓದಿದ್ದೆ, ಅದನ್ನೂ ಮಾಡಿಸೋಣ್ವಾ ಅಂದೆ. ಅದನ್ನ ನೆಚ್ಕೊಂಡು ಲೆಬ್ರಿಕಿಜುಮ್ಯಾಬ್ ಅನ್ನೋ ಔಷಧಿಯನ್ನ ಆಸ್ತಮಾಗೆ ದೊಡ್ಡ ಪ್ರಯೋಗ ಮಾಡಿದ್ರು, ಫಲಿತಾಂಶ ಒಂದೇ ಸಮ ಬರ್ಲಿಲ್ಲ, ಈಗ ಅದನ್ನ ನೋಡಿ ತೀರ್ಮಾನ ಮಾಡಲ್ಲ, ಬೆಳೆಯೋ ಮಕ್ಕಳ ಮೂಳೆಯಿಂದಾನೂ ಅದು ಬರುತ್ತೆ ಅಂದ್ರು.

ಮೆಪೋಲಿಜುಮ್ಯಾಬ್ ಕಥೆ ಕೇಳಿ ನಂಗೆ ಮೈ ಜುಮ್ಮಂತು. ಶುರುವಿನಲ್ಲಿ ಇದನ್ನ ಯಾವ ಥರದ ಆಸ್ತಮಾ ಅಂತ ನೋಡ್ದೇ ಕೊಟ್ಟು ಪರೀಕ್ಷೆ ಮಾಡಿದ್ರಂತೆ, ಇಯೋಸಿನೋಫಿಲ್ ಇಳೀತು ಆದ್ರೆ ರೋಗಿಗಳಿಗೆ ಹೇಳಿಕೊಳ್ಳೋ ಅಂಥ ಉಪಯೋಗ ಕಾಣ್ಲಿಲ್ಲ, ಔಷಧಿ ಮುಗೀತು ಅಂತಾನೇ ತುಂಬಾ ಜನ ಅಂದ್ಕೊಂಡ್ರು. ಆಮೇಲೆ ಕಫದಲ್ಲಿ ಇಯೋಸಿನೋಫಿಲ್ ಇರೋರನ್ನ ಮಾತ್ರ ಆರಿಸಿ ಕೊಟ್ಟ ಎರಡು ಚಿಕ್ಕ ಪ್ರಯೋಗ 2009ರಲ್ಲಿ ಬಂದ್ವು, ಅವ್ರಲ್ಲಿ ಉಲ್ಬಣ ಆಗೋದು ಚೆನ್ನಾಗಿ ಕಮ್ಮಿ ಆಯ್ತು, 2015ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ತು. ಅದೇ ಔಷಧಿ, ಯಾರಿಗೆ ಕೊಡ್ಬೇಕು ಅಂತ ಅಳೆದು ನೋಡಿದ್ದಕ್ಕೆ ಬದುಕ್ತು. ನಾನು 0.0 ಕಾಗದ ಹಿಡ್ಕೊಂಡೇ ಇದ್ದಿದ್ರೆ ಯಾರೂ ನಂಗೆ ಇದನ್ನ ಕೊಡ್ತಿರ್ಲಿಲ್ಲ.

ಹಾಗಂತ ಎಲ್ಲರಿಗೂ ಮಾರ್ಕರ್ ಜಾಸ್ತಿ ಬರುತ್ತೆ ಅಂತಲ್ಲ. ನನ್ನ ಜೊತೆ ಅದೇ ಬೆಂಚಲ್ಲಿ ಕೂತಿರ್ತಿದ್ದ ಒಬ್ಬ ಅಣ್ಣನಿಗೆ ಮೂರು ಸಲ ಮಾಡಿದ್ರೂ ಇಯೋಸಿನೋಫಿಲ್ ಕಮ್ಮಿ, ಫೆನೋ 14, ಕಫದಲ್ಲಿ ನ್ಯೂಟ್ರೋಫಿಲ್ ಅನ್ನೋ ಇನ್ನೊಂದು ಜಾತಿ ಬಿಳಿ ಕಣ ತುಂಬಿತ್ತು, ದಮ್ಮು ಮಾತ್ರ ನನಗಿಂತ ಜಾಸ್ತಿ. ಅಂಥೋರಿಗೆ ಹೇಳೋಕೆ ಇನ್ನೂ ಒಳ್ಳೇ ಮಾರ್ಕರ್ ಇಲ್ಲ, ಸ್ಟೀರಾಯ್ಡ್ ಏರಿಸಿದ್ರೂ ಅಷ್ಟು ಉಪಯೋಗ ಆಗಲ್ಲ. ನಿಮ್ದು ನಂಬರಲ್ಲಿ ಕಾಣ್ಸುತ್ತಲ್ಲಮ್ಮ, ಅದೇ ಭಾಗ್ಯ ಅಂದ ಆ ಅಣ್ಣ. ಏನ್ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ, ಇವತ್ತಿಗೂ ಆ ಮಾತು ಕಾಡುತ್ತೆ.

ನಂಗೆ ಮೆಪೋಲಿಜುಮ್ಯಾಬ್ 100 ಮಿಲಿಗ್ರಾಂ, ನಾಲ್ಕು ವಾರಕ್ಕೊಂದು, ಚರ್ಮದ ಕೆಳಗೆ. ಮೊದಲ ಸಲ ಕೊಟ್ಟು ಸ್ವಲ್ಪ ಹೊತ್ತು ಕೂರಿಸ್ಕೊಂಡ್ರು, ಕೈ ಸ್ವಲ್ಪ ನೋವು, ಒಂದು ದಿನ ತಲೆನೋವು, ಅಷ್ಟೇ. ನಾಲ್ಕು ತಿಂಗಳಿಗೆ ಇಯೋಸಿನೋಫಿಲ್ 40. ಆದ್ರೆ ಫೆನೋ 41, ಇಳಿದೇ ಇಲ್ಲ ಅನ್ನೋಷ್ಟು. ನಂಗೆ ಗಾಬರಿ ಆಯ್ತು, ಔಷಧಿ ಅರ್ಧ ಕೆಲಸ ಮಾಡ್ತಿದ್ಯಾ ಅಂತ ಕೇಳ್ದೆ. ಮೇಡಂ ಹಳೇ ಬಾಣದ ಚಿತ್ರ ತೆಗೆದು 5ರ ಬಾಣಕ್ಕೆ ಅಡ್ಡಗೆರೆ ಎಳೆದ್ರು, 13ರದ್ದನ್ನ ಹಂಗೇ ಬಿಟ್ರು. ಈ ಇಂಜೆಕ್ಷನ್ 13ರ ದಾರಿಗೆ ಹೋಗೋದೇ ಇಲ್ಲ, ಫೆನೋ ಇಳೀಲಿ ಅಂತ ನಾವು ಕಾಯೋದೂ ಇಲ್ಲ, ಡ್ಯುಪಿಲುಮ್ಯಾಬ್ ತಗೊಂಡಿದ್ರೆ ಫೆನೋ ಇಳೀತಿತ್ತು, ಬದ್ಲಿಗೆ ರಕ್ತದ ಇಯೋಸಿನೋಫಿಲ್ ಕೆಲವ್ರಲ್ಲಿ ಸ್ವಲ್ಪ ಕಾಲ ಏರುತ್ತೆ ಅಂದ್ರು. ಆಗ ನಂಗೆ ಆ ಮೊದಲ ದಿನದ ಮಾತು ಪೂರ್ತಿ ಅರ್ಥ ಆಯ್ತು.

ಈಗ ಹದಿನಾಲ್ಕು ತಿಂಗಳು. ಒಂದೇ ಒಂದು ಸಲ, ಜೋರು ಜ್ವರದ ಜೊತೆ, ಸ್ಟೀರಾಯ್ಡ್ ಮಾತ್ರೆ ಬೇಕಾಯ್ತು. ರಾತ್ರಿ ಮಲಗಿದ್ರೆ ಬೆಳಿಗ್ಗೆನೇ ಎಚ್ಚರ. ಪ್ರತಿ ಬ್ಲಡ್ ಸ್ಲಿಪ್ ಮೇಲೂ ಲ್ಯಾಬಿಗೆ ಕೊಡೋಕೆ ಮುಂಚೆ ಕೊನೇ ಸ್ಟೀರಾಯ್ಡ್ ಮಾತ್ರೆ ತಗೊಂಡ ತಾರೀಖು ಬರೀತೀನಿ, ಇನ್‌ಹೇಲರ್ ಡೋಸ್ ಬರೀತೀನಿ, ಇಂಜೆಕ್ಷನ್ ಆಗಿ ಎಷ್ಟು ದಿನ ಅಂತಾನೂ ಬರೀತೀನಿ. ಲ್ಯಾಬಿನೋರು ಯಾರೂ ಇದನ್ನ ಕೇಳಲ್ಲ, ನಾವೇ ಬರೀಬೇಕು.

ಹೋದ ವಾರ ಅಕ್ಕ ಫೈಲು ದಪ್ಪ ಆಯ್ತು, ಹಳೇದೆಲ್ಲ ತೆಗೆದು ಹಾಕೋಣ ಅಂದ್ಲು. 0.0 ಕಾಗದ ತೆಗೀಬೇಡ, ಅದು ಇರ್ಲಿ ಅಂದೆ. ಮೇಡಂ ಅವತ್ತು ಆ ಸೊನ್ನೆ ಪಕ್ಕ ಪೆನ್ನಲ್ಲಿ ಬರೆದಿದ್ದು ಇನ್ನೂ ಅಳಿಸಿಲ್ಲ, "ಪ್ರೆಡ್ನಿಸೋಲೋನ್ 40, ಮೂರನೇ ದಿನ".